ಮದುವೆ ಆಯ್ತು, ಗ್ರೀನ್ ಕಾರ್ಡ್ ಅರ್ಜಿ ಯಾವಾಗ?

ಅಮೆರಿಕದಲ್ಲಿರುವ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ನಾನು ವಕೀಲನಲ್ಲ. ವಲಸೆ ವಕೀಲರ ಕಚೇರಿಯಲ್ಲಿ ಕೂತು ಅರ್ಜಿಗಳ ಕಡತ ಸಿದ್ಧ ಮಾಡುವವನು. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಕೇಸಿನ ಬಗ್ಗೆ ವಕೀಲರನ್ನೇ ಕೇಳಿ.

"ಸಿಟಿಜನ್ ಹುಡುಗನನ್ನ ಮದುವೆ ಆದೆ. ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು?" ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಹೀಗೆ. ಅಂಥ ಗಡುವೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ನಿಜವಾಗಿಯೂ ಇಲ್ಲ. ಮದುವೆಯ ಮರುದಿನವೇ ಹಾಕಬಹುದು, ಮೂರು ವರ್ಷ ಬಿಟ್ಟೂ ಹಾಕಬಹುದು. ಕೆ-1 ಎಂಬ ಫಿಯಾನ್ಸೆ ವೀಸಾದಲ್ಲಿ ಬಂದವರಿಗೆ ಮಾತ್ರ ಒಂದು ಲೆಕ್ಕ ಇದೆ. ಅವರು ಬಂದ 90 ದಿನದೊಳಗೆ, ಅದೂ ಅರ್ಜಿ ಹಾಕಿ ಕರೆಸಿಕೊಂಡವರನ್ನೇ, ಮದುವೆ ಆಗಬೇಕು. ಅದು ಕೂಡ ಮದುವೆಗೆ ಇರುವ ಗಡುವು, ಅರ್ಜಿಗಲ್ಲ.

ಗಮನ ಕೊಡಬೇಕಾದ ದಿನಾಂಕಗಳು ಬೇರೆಯೇ ಇವೆ. ನೀವು ಕೊನೆಯ ಸಲ ಅಮೆರಿಕದೊಳಗೆ ಬಂದ ದಿನ. ನಿಮ್ಮ ಐ-94, ಅಂದರೆ ಎಲ್ಲಿಯವರೆಗೆ ಇಲ್ಲಿ ಇರಬಹುದು ಎಂಬ ದಾಖಲೆ, ಮುಗಿಯುವ ದಿನ. ಊರಿಗೆ ಹೋಗಲೇಬೇಕಾದ ಮುಂದಿನ ದಿನ. ಮದುವೆಗೆ ಎರಡು ವರ್ಷ ತುಂಬುವ ದಿನ. ಇವನ್ನು ಯಾರೂ ಕೇಳುವುದಿಲ್ಲ. ಪೆಟ್ಟು ತಿನ್ನುವುದು ಮಾತ್ರ ಇಲ್ಲೇ. ಹಾಗಾಗಿ ಇವತ್ತು ಇವುಗಳದೇ ಮಾತು.

ಮೊದಲು ಹಿನ್ನೆಲೆ, ಚುಟುಕಾಗಿ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿಯನ್ನು ಇಲ್ಲಿನ ಕಾನೂನು ಇಮ್ಮಿಡಿಯೇಟ್ ರಿಲೇಟಿವ್ ಎಂದು ಕರೆಯುತ್ತದೆ. ಈ ಗುಂಪಿಗೆ ವರ್ಷಕ್ಕಿಷ್ಟೇ ಕಾರ್ಡು ಎಂಬ ಮಿತಿ ಇಲ್ಲ, ದೇಶಕ್ಕಿಷ್ಟು ಎಂಬ ಪಾಲೂ ಇಲ್ಲ. ನಮ್ಮಲ್ಲಿ ಕೆಲಸದ ಮೂಲಕ ಗ್ರೀನ್ ಕಾರ್ಡ್ ಕೇಳುವ ಇಬಿ-2, ಇಬಿ-3 ಸಾಲಿನಲ್ಲಿ ಹತ್ತು ಹನ್ನೆರಡು ವರ್ಷದಿಂದ ನಿಂತವರು ಎಷ್ಟು ಜನ ಇದ್ದಾರೆ ನೋಡಿ. ಯಾವ ಒಂದು ದೇಶಕ್ಕೂ 7 ಪರ್ಸೆಂಟ್‌ಗಿಂತ ಜಾಸ್ತಿ ಹೋಗಬಾರದು ಎಂಬ ನಿಯಮದಿಂದಲೇ ಭಾರತದವರ ಸಾಲು ಅಷ್ಟುದ್ದ. ಸಿಟಿಜನ್ ಸಂಗಾತಿಗೆ ಆ ಸಾಲೇ ಇಲ್ಲ. ಸಂಗಾತಿ ಐ-130 ಹಾಕುತ್ತಾರೆ, ಮದುವೆ ನಿಜ ಎಂದು ತೋರಿಸುವುದಕ್ಕೆ. ನೀವು ಐ-485 ಹಾಕುತ್ತೀರಿ, ದೇಶ ಬಿಡದೆ ಇಲ್ಲೇ ಇದ್ದು ಗ್ರೀನ್ ಕಾರ್ಡ್ ಪಡೆಯುವುದಕ್ಕೆ. ಎರಡನ್ನೂ ಒಟ್ಟಿಗೇ ಕಳಿಸಬಹುದು. ಜೊತೆಗೆ ಕೆಲಸದ ಪರವಾನಗಿಗೆ ಐ-765, ಪ್ರಯಾಣದ ಪರವಾನಗಿಗೆ ಐ-131. ಆ ಪ್ರಯಾಣದ ಕಾಗದಕ್ಕೇ ಅಡ್ವಾನ್ಸ್ ಪರೋಲ್ ಅನ್ನುವುದು.

ಖರ್ಚೂ ಹೇಳಿಬಿಡುತ್ತೇನೆ. 2024ರ ಏಪ್ರಿಲ್ 1ರಂದು ಬಂದ ಪಟ್ಟಿಯ ಪ್ರಕಾರ ಐ-130ಕ್ಕೆ ಕಾಗದದಲ್ಲಿ 675 ಡಾಲರ್, ಆನ್‌ಲೈನ್‌ನಲ್ಲಿ 625. ಐ-485ಕ್ಕೆ 1,440. ಕೆಲಸದ ಪರವಾನಗಿಗೆ 260, ಪ್ರಯಾಣದ್ದಕ್ಕೆ 630. ಎಲ್ಲ ಕೂಡಿದರೆ ಮೂರು ಸಾವಿರ ಡಾಲರ್ ಮುಟ್ಟುತ್ತದೆ. ಕಳಿಸುವ ದಿನ, ಈ ಅರ್ಜಿಗಳನ್ನು ನೋಡುವ ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ಜಾಲತಾಣದಲ್ಲಿ ಫೀಸನ್ನೂ ಫಾರ್ಮಿನ ಆವೃತ್ತಿಯನ್ನೂ ಇನ್ನೊಮ್ಮೆ ನೋಡಿ. ಹಳೇ ಆವೃತ್ತಿ ಕಳಿಸಿದರೆ ಇಡೀ ಕಟ್ಟು ವಾಪಸ್ ಬರುತ್ತದೆ. ಆ ಪ್ರಯಾಣದ 630 ಡಾಲರನ್ನು ನೆನಪಿಟ್ಟುಕೊಳ್ಳಿ. ಉಳಿಸೋಣ ಎಂದು ಜನ ಕೈಬಿಡುವುದು ಅದನ್ನೇ.

ಈಗ ಒಳಗೆ ಬಂದ ದಿನದ ವಿಷಯಕ್ಕೆ ಬರೋಣ.

"90 ದಿನ ಕಾಯಿರಿ, 91ನೇ ದಿನ ಹಾಕಿ, ಏನೂ ತೊಂದರೆ ಇಲ್ಲ." ಈ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ವಾಟ್ಸಾಪ್ ಗುಂಪುಗಳಲ್ಲಿ ಇದು ಮಂತ್ರದ ಹಾಗೆ ಓಡಾಡುತ್ತದೆ. ಇದು ಬಂದದ್ದು ವಿದೇಶಾಂಗ ಇಲಾಖೆಯ ಕೈಪಿಡಿಯಿಂದ. 2017ರ ಸೆಪ್ಟೆಂಬರ್‌ವರೆಗೆ 30-60 ದಿನದ ಒಂದು ಲೆಕ್ಕ ಇತ್ತು, ಆಮೇಲೆ 90 ದಿನ ಮಾಡಿದರು. ಪ್ರವಾಸಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಬಂದು, 90 ದಿನದೊಳಗೆ ಸಿಟಿಜನ್‌ನ ಮದುವೆಯಾಗಿ ಇಲ್ಲೇ ನೆಲೆ ನಿಂತರೆ, ಬರುವಾಗ ಅಧಿಕಾರಿಗೆ ಸುಳ್ಳು ಹೇಳಿದ್ದೀರಿ ಎಂದು ಊಹಿಸಲು ಅದು ಅವಕಾಶ ಕೊಡುತ್ತದೆ. ಅದು ಕಾನ್ಸುಲೇಟ್ ಅಧಿಕಾರಿಗಳಿಗೆ ಬರೆದ ನಿಯಮ. ಐ-485 ನೋಡುವುದು ಯುಎಸ್‌ಸಿಐಎಸ್, ಅವರಿಗೆ ಇದು ಕಟ್ಟುಪಾಡಲ್ಲ. ಹಾಗೆಂದು ಅವರು ಕಣ್ಣು ಮುಚ್ಚಿ ಕೂರುವುದಿಲ್ಲ. ನೀವು ಬಂದ ಉದ್ದೇಶ ಏನಿತ್ತು ಎಂದು ಅವರೂ ಕೇಳುತ್ತಾರೆ.

ಇಲ್ಲಿ ಎರಡು ಬೇರೆ ಪ್ರಶ್ನೆಗಳನ್ನು ಜನ ಒಂದೇ ಮಾಡಿಕೊಂಡಿದ್ದಾರೆ. ಮನಸ್ಸಿನಲ್ಲಿ ಇಲ್ಲೇ ಉಳಿಯುವ ಆಸೆ ಇಟ್ಟುಕೊಂಡು ಬಂದದ್ದು ಒಂದು. ಕೇಳಿದಾಗ ಸುಳ್ಳು ಹೇಳಿದ್ದು ಇನ್ನೊಂದು. ಮೊದಲನೆಯದರ ಬಗ್ಗೆ ವಲಸೆ ಮೇಲ್ಮನವಿ ಮಂಡಳಿ 1980ರಷ್ಟು ಹಿಂದೆಯೇ, ಕವಾಜೋಸ್ ಪ್ರಕರಣದಲ್ಲಿ, ಒಂದು ಮಾತು ಹೇಳಿದೆ: ಸಿಟಿಜನ್ ಸಂಗಾತಿಯ ಅರ್ಜಿಯಲ್ಲಿ ಬೇರೆ ಕೆಟ್ಟ ಅಂಶ ಇಲ್ಲದಿದ್ದರೆ, ಮೊದಲೇ ಆಸೆ ಇತ್ತು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬೇಕಿಲ್ಲ. ಎರಡನೆಯದು ಹಾಗಲ್ಲ. ವಿಮಾನ ನಿಲ್ದಾಣದಲ್ಲಿ "ಎರಡು ವಾರ ಅಕ್ಕನ ಮನೆಯಲ್ಲಿದ್ದು ವಾಪಸ್ ಹೋಗ್ತೀನಿ" ಎಂದು, ಸೂಟ್‌ಕೇಸಿನಲ್ಲಿ ಮದುವೆ ಸೀರೆ, ಜನನ ಪತ್ರದ ಮೂಲ ಪ್ರತಿ ಇಟ್ಟುಕೊಂಡು ಬಂದರೆ ಅದು ಸುಳ್ಳು ಹೇಳಿಕೆ. ಬೇಕೆಂದೇ ಹೇಳಿದ ಸುಳ್ಳು ಎಂದು ತೀರ್ಮಾನವಾದರೆ ನಿರ್ಬಂಧ ಜೀವನಪೂರ್ತಿ. ಮಾಫಿ ಕೇಳಲು ದಾರಿ ಇದೆ, ಆದರೆ ಸಂಗಾತಿಗೆ ವಿಪರೀತ ಕಷ್ಟ ಆಗುತ್ತದೆ ಎಂದು ಸಾಬೀತು ಮಾಡಬೇಕು. ಆ ಸುಳ್ಳು 91ನೇ ದಿನಕ್ಕೆ ನಿಜ ಆಗುವುದಿಲ್ಲ. ಒಬ್ಬರು ನಿಜವಾಗಿಯೂ ತಿರುಗಾಡಲು ಬಂದು, ಇಲ್ಲಿ ಮನಸ್ಸು ಬದಲಾಗಿ, 60ನೇ ದಿನ ಮದುವೆ ಆದರು ಅನ್ನಿ. ಅದನ್ನು ತೋರಿಸುವ ಸಾಕ್ಷಿ ಅವರ ಬಳಿ ಇರುತ್ತದೆ: ವಾಪಸ್ ಟಿಕೆಟ್, ಊರಲ್ಲಿ ರಜೆ ಹಾಕಿ ಬಂದ ಪತ್ರ, ಬಾಡಿಗೆ ಮನೆ.

ಎಚ್-1ಬಿ, ಎಲ್-1ನವರಿಗೆ ಈ ತಲೆನೋವೇ ಇಲ್ಲ. ಆ ವೀಸಾಗಳಲ್ಲಿ ಕೆಲಸಕ್ಕೂ ಬರಬಹುದು, ಉಳಿಯುವ ಆಸೆಯನ್ನೂ ಇಟ್ಟುಕೊಳ್ಳಬಹುದು, ಕಾನೂನೇ ಒಪ್ಪುತ್ತದೆ. ಎಫ್-1 ವಿದ್ಯಾರ್ಥಿಗಳಿಗೆ, ಬಿ-2 ಪ್ರವಾಸಿಗಳಿಗೆ ಇದೆ.

ಊರಿನಿಂದ ಬರುವ ಒಂದು ಸಲಹೆಯ ಬಗ್ಗೆಯೂ ಹೇಳಬೇಕು. ಹುಡುಗ ಇಲ್ಲಿಯ ಸಿಟಿಜನ್, ಮದುವೆ ಮೈಸೂರಿನಲ್ಲಿ ಆಯಿತು. ಹುಡುಗಿಯ ಹತ್ತಿರ ಹತ್ತು ವರ್ಷದ ಟೂರಿಸ್ಟ್ ವೀಸಾ ಇದೆ. "ಸುಮ್ನೆ ಅದರಲ್ಲೇ ಕರ್ಕೊಂಡು ಹೋಗಿ ಅಲ್ಲೇ ಅರ್ಜಿ ಹಾಕಪ್ಪ" ಎಂದು ಯಾರೋ ಮಾವ ಹೇಳುತ್ತಾರೆ. ಬೇಡ. ಅದು ಮೇಲೆ ಹೇಳಿದ ಸುಳ್ಳಿನ ಹಾದಿ. ಊರಲ್ಲಿರುವ ಸಂಗಾತಿಗೆ ಸರಿಯಾದ ದಾರಿ ಐ-130, ಆಮೇಲೆ ಕಾನ್ಸುಲೇಟ್. ವಲಸೆ ವೀಸಾದ ಸಂದರ್ಶನಕ್ಕೆ ನಮ್ಮವರು ಹೆಚ್ಚಾಗಿ ಮುಂಬೈಗೆ ಹೋಗುತ್ತಾರೆ. ಹೊತ್ತು ಹಿಡಿಯುತ್ತದೆ, ನಿಜ. ಆದರೆ ಇಳಿಯುವಾಗಲೇ ಗ್ರೀನ್ ಕಾರ್ಡಿನವರಾಗಿ ಇಳಿಯುತ್ತಾರೆ.

ಇನ್ನು ನಮ್ಮವರದೇ ವಿಶೇಷ ತಾಪತ್ರಯ. ಎರಡು ಮದುವೆ.

ಹೆಂಡತಿ ಇಬ್ಬರು ಅಂತಲ್ಲ, ನಗಬೇಡಿ. ಅದೇ ಜೋಡಿಗೆ ಎರಡು ಮದುವೆ. ಇಲ್ಲಿ ಕೌಂಟಿ ಕಚೇರಿಯಲ್ಲಿ ಸಹಿ, ಊರಲ್ಲಿ ಧಾರೆ. ನಡುವೆ ಆಷಾಢ ಬರುತ್ತದೆ, ಧನುರ್ಮಾಸ ಬರುತ್ತದೆ, ಅಜ್ಜಿಗೆ ಹುಷಾರಿರಲ್ಲ, ಛತ್ರ ಸಿಗಲ್ಲ. ನನ್ನ ಮೇಜಿಗೆ ಬಂದ ಒಂದು ಕೇಸು ಹೇಳುತ್ತೇನೆ, ಗುರುತು ಸಿಗದ ಹಾಗೆ. ಹುಡುಗಿ ಧಾರವಾಡದ ಕಡೆಯವಳು. ಎಂಎಸ್ ಮುಗಿಸಿ ಒಪಿಟಿಯಲ್ಲಿ ಕೆಲಸ. ಒಪಿಟಿ ಎಂದರೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಪರವಾನಗಿ, ಹಾಗಾಗಿ ಇನ್ನೂ ಎಫ್-1. ಹುಡುಗ ಇಲ್ಲೇ ಹುಟ್ಟಿದವನು. ವಸಂತದಲ್ಲಿ ಕೌಂಟಿಯಲ್ಲಿ ಸಹಿ ಹಾಕಿದರು, ಬೇಸಿಗೆಯಲ್ಲಿ ಐ-130, ಐ-485 ಒಟ್ಟಿಗೆ ಕಳಿಸಿದರು. ಪ್ರಯಾಣದ ಅರ್ಜಿ ಕಳಿಸಲಿಲ್ಲ. 630 ಡಾಲರ್ ಉಳಿಸೋಣ, ಅಷ್ಟರಲ್ಲಿ ಕಾರ್ಡೇ ಬರುತ್ತದೆ ಎಂದುಕೊಂಡರು. ಊರಲ್ಲಿ ಮಾಘಮಾಸಕ್ಕೆ ಮುಹೂರ್ತ ಇಟ್ಟಾಗಿತ್ತು, ಅಡುಗೆಯವರಿಗೆ ಮುಂಗಡ ಹೋಗಿತ್ತು. ಡಿಸೆಂಬರ್ ಬಂತು, ಕಾರ್ಡ್ ಬರಲಿಲ್ಲ.

ಐ-485 ಬಾಕಿ ಇರುವಾಗ ಅಡ್ವಾನ್ಸ್ ಪರೋಲ್ ಕೈಯಲ್ಲಿಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನು ನೀವೇ ಕೈಬಿಟ್ಟಿರಿ ಎಂದು ಲೆಕ್ಕ. ಅರ್ಜಿ ಹಾಕಿದ್ದೇನೆ ಎಂದರೆ ಸಾಲದು, ಮಂಜೂರಾಗಿ ಕೈಗೆ ಬಂದಿರಬೇಕು, ಆಮೇಲೆ ವಿಮಾನ. ಎಚ್-1ಬಿ, ಎಲ್-1ನವರಿಗೆ ಇಲ್ಲೂ ರಿಯಾಯಿತಿ ಇದೆ. ಆ ವೀಸಾ ಚಾಲ್ತಿಯಲ್ಲಿದ್ದು ಅದೇ ಕೆಲಸಕ್ಕೆ ಮರಳಿದರೆ ಅರ್ಜಿ ಉಳಿಯುತ್ತದೆ. ನಮ್ಮ ಧಾರವಾಡದ ಹುಡುಗಿಗೆ ಆ ರಿಯಾಯಿತಿ ಇಲ್ಲ. ಅವಳು ಹೋಗಿದ್ದರೆ ಐ-485 ಹೋಯಿತು. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಕಾನ್ಸುಲೇಟಿನಲ್ಲಿ ಎಫ್-1 ವೀಸಾ ಮುದ್ರೆಗೆ ನಿಂತರೆ, "ನಿಮ್ಮ ಗಂಡ ಸಿಟಿಜನ್, ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದೀರಿ, ಓದು ಮುಗಿಸಿ ಭಾರತಕ್ಕೆ ವಾಪಸ್ ಹೋಗ್ತೀರಿ ಅಂತ ಹೇಗೆ ನಂಬಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಇಲ್ಲ. ಕೊನೆಗೆ ಇಬ್ಬರೂ ಧಾರೆಯನ್ನೇ ಮುಂದಕ್ಕೆ ಹಾಕಿದರು. ಹುಡುಗಿಯ ಅಪ್ಪ ನನ್ನ ಜೊತೆ ಫೋನಿನಲ್ಲಿ ಜಗಳವನ್ನೇ ಆಡಿದರು. "ಧಾರೆನೇ ಆಗಿಲ್ಲ, ಅದೆಂಥ ಮದುವೆ ಸಾರ್ ಅದು" ಅಂದರು.

ಅವರ ಮಾತಿನಲ್ಲೇ ಇನ್ನೊಂದು ಅಪಾಯ ಅಡಗಿದೆ. ಮನೆಯವರ ಲೆಕ್ಕದಲ್ಲಿ ಕೌಂಟಿಯ ಸಹಿ ನಿಶ್ಚಿತಾರ್ಥಕ್ಕೆ ಸಮ. ಅಮೆರಿಕದ ಲೆಕ್ಕದಲ್ಲಿ ಅದೇ ಪೂರ್ತಿ ಮದುವೆ. ಆಮೇಲೆ ವೀಸಾ ಫಾರ್ಮಿನಲ್ಲಿ ಸಿಂಗಲ್ ಎಂದು ತುಂಬಿದರೆ ಅದು ಸುಳ್ಳು. ತಿರುಗಾಮುರುಗ ಕೂಡ ನೋಡಿದ್ದೇನೆ. ಊರಲ್ಲಿ ಧಾರೆ ಆಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿಲ್ಲ, "ರಿಜಿಸ್ಟರ್ ಆಗಿಲ್ವಲ್ಲ, ಹಾಗಾಗಿ ಸಿಂಗಲ್" ಎಂದು ಬರೆದವರು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗುವುದು ಶಾಸ್ತ್ರದಿಂದ. ನೋಂದಣಿ ಅದಕ್ಕೆ ಸಾಕ್ಷಿ. ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ಮದುವೆ ನಡೆದ ಜಾಗದಲ್ಲಿ ಅದು ಸಿಂಧುವಾದರೆ ಅಮೆರಿಕದ ವಲಸೆ ಕಾನೂನೂ ಸಾಮಾನ್ಯವಾಗಿ ಒಪ್ಪುತ್ತದೆ. ಹಾಗಾಗಿ ಎರಡರಲ್ಲಿ ಯಾವುದು ಮೊದಲು ಆಯಿತೋ ಅದೇ ನಿಮ್ಮ ಮದುವೆ ದಿನಾಂಕ. ಎಲ್ಲ ಫಾರ್ಮಿನಲ್ಲೂ ಅದೊಂದೇ ಇರಲಿ.

ನನ್ನ ಅಭಿಪ್ರಾಯ ಕೇಳಿದರೆ, ಎಚ್-1ಬಿಯವರು ಯಾವುದನ್ನು ಮೊದಲು ಮಾಡಿದರೂ ನಡೆಯುತ್ತದೆ. ಊರಲ್ಲೇ ಧಾರೆ ಮುಗಿಸಿ, ನೋಂದಣಿ ಮಾಡಿಸಿ, ಎಚ್-1ಬಿಯಲ್ಲಿ ಮರಳಿ ಬಂದು ಅರ್ಜಿ ಹಾಕುವುದೇ ಸಲೀಸು. ಎಫ್-1ನವರು ಇಲ್ಲೇ ಸಹಿ ಹಾಕಿ, ಅರ್ಜಿ ಕಳಿಸಿ, ಅಡ್ವಾನ್ಸ್ ಪರೋಲ್ ಕೈಗೆ ಬಂದಮೇಲೆ ಪುರೋಹಿತರಿಗೆ ಫೋನ್ ಮಾಡಲಿ. ಮುಹೂರ್ತ ಮೊದಲು ಇಟ್ಟು ಸರ್ಕಾರ ಅದಕ್ಕೆ ಹೊಂದಿಕೊಳ್ಳಲಿ ಎಂದರೆ ಆಗುವುದಿಲ್ಲ. ಅರ್ಜಿ ಎಷ್ಟು ತಿಂಗಳು ಹಿಡಿಯುತ್ತದೆ ಎನ್ನುವುದು ಊರಿಂದ ಊರಿಗೆ ಬೇರೆ. ಐ-485ಕ್ಕೆ ದುಡ್ಡು ಕೊಟ್ಟು ಬೇಗ ಮಾಡಿಸಿಕೊಳ್ಳುವ ಪ್ರೀಮಿಯಂ ದಾರಿಯೂ ಇಲ್ಲ. ಊರಲ್ಲಿ ತಂದೆಗೋ ತಾಯಿಗೋ ಆಸ್ಪತ್ರೆ ಎಂಬಂಥ ತುರ್ತಿದ್ದರೆ ತುರ್ತು ಅಡ್ವಾನ್ಸ್ ಪರೋಲ್ ಕೇಳಬಹುದು. ಆಸ್ಪತ್ರೆಯ ಪತ್ರ ಬೇಕು. ಧಾರೆ ಮುಹೂರ್ತ ಅವರ ಕಣ್ಣಿಗೆ ತುರ್ತಲ್ಲ.

ಎರಡು ವರ್ಷದ ಲೆಕ್ಕಕ್ಕೆ ಬರುತ್ತೇನೆ. 1986ರಲ್ಲಿ ನಕಲಿ ಮದುವೆ ತಡೆಯಲು ಒಂದು ಕಾನೂನು ಬಂತು. ಗ್ರೀನ್ ಕಾರ್ಡ್ ಮಂಜೂರಾದ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಕೊಡುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಐ-751 ಹಾಕಿ ಷರತ್ತು ತೆಗೆಸಬೇಕು. ಈ ಗಡುವು ಮಾತ್ರ ನಿಜವಾದ ಗಡುವು, ತಪ್ಪಿದರೆ ವಾಸದ ಹಕ್ಕೇ ಹೋಗಬಹುದು. 2024ರ ಪಟ್ಟಿಯಲ್ಲಿ ಅದಕ್ಕೆ ಇನ್ನೊಂದು 750 ಡಾಲರ್. ಮಂಜೂರಾದ ದಿನ ಎರಡು ವರ್ಷ ದಾಟಿದ್ದರೆ ನೇರವಾಗಿ ಹತ್ತು ವರ್ಷದ ಕಾರ್ಡ್.

ಗಮನಿಸಿ, ಲೆಕ್ಕ ಮಂಜೂರಾದ ದಿನದ್ದು, ಅರ್ಜಿ ಹಾಕಿದ ದಿನದ್ದಲ್ಲ. ಹಾಗಾಗಿ ಕೆಲವರು ಜಾಣತನ ಮಾಡುತ್ತಾರೆ. "ಒಂದೂವರೆ ವರ್ಷ ಕಾದು ಹಾಕಿದರೆ ಐ-751 ತಪ್ಪುತ್ತೆ." ತಪ್ಪುತ್ತದೆ, ನಿಜ. ಆದರೆ ಕಳೆದುಕೊಳ್ಳುವುದನ್ನೂ ನೋಡಿ. ಸಿಟಿಜನ್ ಸಂಗಾತಿಯ ಜೊತೆ ಬಾಳುತ್ತಿರುವವರು ಗ್ರೀನ್ ಕಾರ್ಡ್ ಬಂದ ಮೂರು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಉಳಿದವರಿಗೆ ಐದು ವರ್ಷ. ಷರತ್ತಿನ ಕಾರ್ಡಿನ ಎರಡು ವರ್ಷವೂ ಆ ಮೂರರಲ್ಲಿ ಸೇರುತ್ತದೆ. ಅಂದರೆ ಒಂದು ಫಾರ್ಮ್ ಉಳಿಸಲು ಹೋಗಿ ಪೌರತ್ವವನ್ನೇ ಒಂದೂವರೆ ವರ್ಷ ಹಿಂದಕ್ಕೆ ತಳ್ಳಿದ ಹಾಗಾಯಿತು. ಅಷ್ಟು ಕಾಲ ಕೆಲಸ ಹೋದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹೇಗೂ ಎರಡು ವರ್ಷಕ್ಕೆ ಹತ್ತಿರ ಬಂದಿದ್ದರೆ ಸರಿ, ಅದಕ್ಕಾಗಿಯೇ ಕಾಯಬೇಡಿ.

ಕೆಲಸ ಹೋಗುವುದು ಎಂದೆ. ಲೇಆಫ್ ಆದ ಎಚ್-1ಬಿಯವರಿಗೆ ಇರುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಐ-485 ಸೇರಿದರೆ, ಅದು ಬಾಕಿ ಇರುವವರೆಗೆ ಇಲ್ಲಿರುವುದಕ್ಕೆ ಅವಕಾಶ ಉಂಟು. ಕೆಲಸ ಮಾಡಲು ಮಾತ್ರ ಇಎಡಿ, ಅಂದರೆ ಐ-765ರಿಂದ ಸಿಗುವ ಕೆಲಸದ ಪರವಾನಗಿ ಕಾರ್ಡ್, ಬರಬೇಕು. 2025ರ ಡಿಸೆಂಬರ್‌ನಿಂದ ಅದರ ಅವಧಿಯನ್ನು ಐದು ವರ್ಷದಿಂದ 18 ತಿಂಗಳಿಗೆ ಇಳಿಸಿದ್ದಾರೆ. ಮುಗಿಯುವ ದಿನವನ್ನು ಬರೆದಿಟ್ಟುಕೊಳ್ಳಿ. ಎಚ್-1ಬಿ ಇನ್ನೂ ಇದ್ದರೆ ಅದನ್ನೇ ಉಳಿಸಿಕೊಳ್ಳಿ, ಇಎಡಿ ಬಂತೆಂದು ಬಿಡಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು. ಐ-485 ತಿರಸ್ಕೃತವಾದರೆ ಕಾಲೂರಲು ಒಂದು ನೆಲ ಬೇಕಲ್ಲ.

ಐ-94 ಮುಗಿದವರ ಬಗ್ಗೆ ತುಸು ಎಚ್ಚರದಿಂದ ಮಾತಾಡಬೇಕು. ಗಡಿಯಲ್ಲಿ ಅಧಿಕಾರಿಯ ಪರಿಶೀಲನೆ ಆಗಿ ಒಳಗೆ ಬಂದ ಸಿಟಿಜನ್ ಸಂಗಾತಿಗೆ, ಅವಧಿ ಮೀರಿ ಉಳಿದದ್ದು, ಪರವಾನಗಿ ಇಲ್ಲದೆ ಕೆಲಸ ಮಾಡಿದ್ದು ಐ-485ಕ್ಕೆ ಅಡ್ಡಿ ಅಲ್ಲ. ಕಾನೂನು ಇವರಿಗೆ ಆ ವಿನಾಯಿತಿ ಕೊಟ್ಟಿದೆ. ಹಾಗಾಗಿ ಹಿಂದೆಲ್ಲ ಇವರು ಆರಾಮಾಗಿದ್ದರು. ಈಗ ಗಾಳಿ ಬೇರೆ. ಅರ್ಜಿ ತಿರಸ್ಕೃತವಾಗಿ ಕಾನೂನುಬದ್ಧ ನೆಲೆ ಇಲ್ಲದಿದ್ದರೆ ಗಡೀಪಾರಿನ ನೋಟಿಸ್ ಕೊಡುವುದಾಗಿ 2025ರ ಫೆಬ್ರವರಿಯಲ್ಲಿ ಯುಎಸ್‌ಸಿಐಎಸ್ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೋದಲ್ಲಿ ಗ್ರೀನ್ ಕಾರ್ಡ್ ಸಂದರ್ಶನಕ್ಕೆ ಹೋದ, ವೀಸಾ ಮೀರಿದ್ದ ಸಂಗಾತಿಗಳನ್ನು ಅಲ್ಲೇ ಬಂಧಿಸಿದ ಸುದ್ದಿ ನೀವೂ ಓದಿರುತ್ತೀರಿ. ಇಂಥವರು ವಕೀಲರಿಲ್ಲದೆ ಹೆಜ್ಜೆ ಇಡಬಾರದು. ತಾವಾಗಿ ದೇಶ ಬಿಟ್ಟು ಹೋಗುವುದೂ ಪರಿಹಾರ ಅಲ್ಲ. 180 ದಿನ ಮೀರಿ ಉಳಿದು ಹೊರಗೆ ಹೋದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಬರುವ ಹಾಗಿಲ್ಲ. ಅಡ್ವಾನ್ಸ್ ಪರೋಲ್ ಪಡೆದು ಹೋದವರಿಗೆ ಆ ಹತ್ತು ವರ್ಷದ ನಿರ್ಬಂಧ ತಗಲುವುದಿಲ್ಲ ಎಂದು 2012ರಲ್ಲಿ ಅದೇ ವಲಸೆ ಮೇಲ್ಮನವಿ ಮಂಡಳಿ ತೀರ್ಪು ಕೊಟ್ಟಿದೆ. ಅಲ್ಲಿ ಕಟಕಟೆ ಹತ್ತಿದ್ದು ಭಾರತದವರೇ, ಅರ್ರಬೆಲ್ಲಿ-ಯರ್ರಬೆಲ್ಲಿ ಪ್ರಕರಣ. ಆ ತೀರ್ಪಿನ ಭರವಸೆ ಮೇಲೂ ಈಗ ಯಾರೂ ಧೈರ್ಯವಾಗಿ ವಿಮಾನ ಹತ್ತುತ್ತಿಲ್ಲ, ಅದು ಬೇರೆ ಮಾತು.

ಡಾಕ್ಟರುಗಳು ಇಲ್ಲಿ ಇದ್ದೀರಿ. ರೆಸಿಡೆನ್ಸಿ ತರಬೇತಿಗೆ ಜೆ-1 ಎಂಬ ವಿನಿಮಯ ವೀಸಾದಲ್ಲಿ ಬಂದವರಿಗೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ನಿಯಮ ಇದೆ. ಸಿಟಿಜನ್ ಮದುವೆ ಅದನ್ನು ಅಳಿಸುವುದಿಲ್ಲ. ವೈದ್ಯರ ಕೊರತೆ ಇರುವ ಊರಲ್ಲಿ ಮೂರು ವರ್ಷ ಕೆಲಸ ಮಾಡುವ ಕಾನ್ರಾಡ್ ವಿನಾಯಿತಿಯೋ ಬೇರೆ ವಿನಾಯಿತಿಯೋ ಆಗದೆ ಐ-485 ಹಾಕಿದರೆ ಫೀಸು ದಂಡ.

ಕಾಗದ ಪತ್ರದ ಮಾತು. ನಮ್ಮಲ್ಲಿ ಅರ್ಜಿ ತಡವಾಗುವುದಕ್ಕೆ ದೊಡ್ಡ ಕಾರಣ ಜನನ ಪತ್ರ. ಎಂಬತ್ತರ ದಶಕದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಿದವರ ಪತ್ರ ತೆಗೆದು ನೋಡಿ. ತಂದೆ ಹೆಸರಿದೆ, ತಾಯಿ ಹೆಸರಿದೆ, ಲಿಂಗ ಹೆಣ್ಣು ಎಂದಿದೆ, ಮಗುವಿನ ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮೊದಲೇ ಬರೆಸಿದ್ದರಲ್ಲ! ಹೆಸರು ಸೇರಿಸಬೇಕು. ಸೇರುವ ಹೊತ್ತಿಗೆ ಊರಲ್ಲಿ ಯಾರಾದರೂ ಕಚೇರಿಗೆ ನಾಲ್ಕು ಸಲ ಅಲೆಯಬೇಕು. ಜನನ ನೋಂದಣಿಯೇ ಆಗಿರದಿದ್ದರೆ ಇಲ್ಲವೆಂಬ ಪ್ರಮಾಣ ಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಹುಟ್ಟಿದ್ದು ಗೊತ್ತಿರುವ ಹಿರಿಯರ ಅಫಿಡವಿಟ್ ಬೇಕು. ಕನ್ನಡದಲ್ಲಿರುವ ಎಲ್ಲದಕ್ಕೂ ಅನುವಾದಕರು ಸಹಿ ಮಾಡಿದ ಇಂಗ್ಲಿಷ್ ಅನುವಾದ ಬೇಕು. ಇದನ್ನು ಮದುವೆಗೆ ಮೊದಲೇ ಶುರು ಮಾಡಿ. ಹೆಸರಿನ ಗೋಜಲು ಇನ್ನೊಂದು. ನಮ್ಮಲ್ಲಿ ಅಡ್ಡಹೆಸರು ಇರಲ್ಲ, ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬರುತ್ತದೆ. ಕೌಂಟಿಯಲ್ಲಿ ಸಹಿ ಹಾಕುವ ದಿನ ಪಾಸ್‌ಪೋರ್ಟ್ ನೋಡಿಕೊಂಡೇ ಹೆಸರು ಬರೆಸಿ.

ವೈದ್ಯಕೀಯ ತಪಾಸಣೆಯ ಐ-693 ಫಾರ್ಮನ್ನು 2024ರ ಡಿಸೆಂಬರ್ 2ರಿಂದ ಐ-485 ಜೊತೆಯಲ್ಲೇ ಕಳಿಸಬೇಕು. ಮೊದಲಿನ ಹಾಗೆ ಆಮೇಲೆ ಕೊಡುತ್ತೇನೆ ಎನ್ನುವ ಹಾಗಿಲ್ಲ. ಎಲ್ಲ ಡಾಕ್ಟರೂ ಇದನ್ನು ಮಾಡುವುದಿಲ್ಲ, ಸಿವಿಲ್ ಸರ್ಜನ್ ಎಂದು ನೇಮಕವಾದವರೇ ಮಾಡಬೇಕು. ತೋಳಿನ ಮೇಲೆ ಬಿಸಿಜಿ ಕಲೆ ಇದೆ, ಕ್ಷಯದ ಪರೀಕ್ಷೆ ಪಾಸಿಟಿವ್ ಬಂದರೆ ಎಂದು ಹೆದರುವವರಿದ್ದಾರೆ. ಈಗ ಮಾಡುವುದು ರಕ್ತ ಪರೀಕ್ಷೆ, ಬಿಸಿಜಿ ಅದಕ್ಕೆ ಅಡ್ಡ ಬರುವುದಿಲ್ಲ. ಪಾಸಿಟಿವ್ ಬಂದರೂ ಎದೆಯ ಎಕ್ಸ್-ರೇ ತೆಗೆದು ನೋಡುತ್ತಾರೆ. ಅದಕ್ಕೆ ವಾರಗಳು ಹಿಡಿಯಬಹುದು, ಐ-94 ಮುಗಿಯುವ ವಾರಕ್ಕೆ ಇಟ್ಟುಕೊಳ್ಳಬೇಡಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

"ನಮ್ಮ ಯಜಮಾನರು ಇನ್ನೂ ಸಿಟಿಜನ್ ಆಗಿಲ್ಲ, ಗ್ರೀನ್ ಕಾರ್ಡ್ ಇದೆ. ಪ್ರಮಾಣವಚನ ಆಗೋವರೆಗೂ ಕಾಯಬೇಕಾ?" ಐ-130ಕ್ಕೆ ಕಾಯಬೇಡಿ, ಈಗಲೇ ಹಾಕಿಸಿ. ಅದು ಕೆಂಪು ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಗ್ರೀನ್ ಕಾರ್ಡಿನವರ ಸಂಗಾತಿಗೆ ಎಫ್2ಎ ಎಂಬ ಸಾಲಿದೆ, ಅಲ್ಲಿ ಮಿತಿ ಇದೆ, ಅವಧಿ ಮೀರಿದ್ದಕ್ಕೆ ಮಾಫಿಯೂ ಇಲ್ಲ. ಅದಕ್ಕೇ ನಿಮ್ಮ ವೀಸಾವನ್ನು ಒಂದು ದಿನವೂ ಬೀಳಲು ಬಿಡಬೇಡಿ. ಅವರು ಪ್ರಮಾಣವಚನ ತೆಗೆದುಕೊಂಡ ದಿನವೇ ನೀವು ಇಮ್ಮಿಡಿಯೇಟ್ ರಿಲೇಟಿವ್ ಆಗುತ್ತೀರಿ. ಪೌರತ್ವದ ಪತ್ರದ ಪ್ರತಿ ಇಟ್ಟು ಐ-485 ಕಳಿಸಿ. ಒಂದು ಮಾತು. ಮೂರು ವರ್ಷಕ್ಕೆ ಪೌರತ್ವ ಎಂದೆನಲ್ಲ, ಅದಕ್ಕೆ ಸಂಗಾತಿಯೂ ಆ ಮೂರು ವರ್ಷ ಸಿಟಿಜನ್ ಆಗಿರಬೇಕು.

"ಮದುವೆ ಆಗಿ ತಿಂಗಳಾಗಿದೆ ಅಷ್ಟೇ. ಜಂಟಿ ಖಾತೆ, ಬಾಡಿಗೆ ಕರಾರು ಏನೂ ಇಲ್ಲ. ಕಡತ ದಪ್ಪ ಆಗೋವರೆಗೆ ಕಾಯಲಾ?" ಬೇಡ. ಇದ್ದಷ್ಟು ಕಳಿಸಿ, ಉಳಿದದ್ದನ್ನು ಸಂದರ್ಶನಕ್ಕೆ ತನ್ನಿ. ತಿಂಗಳ ಹಿಂದೆ ಮದುವೆ ಆದವರ ಬಳಿ ಹತ್ತು ಜಂಟಿ ದಾಖಲೆ ಇರುವುದಿಲ್ಲ ಎಂದು ಅವರಿಗೂ ಗೊತ್ತು. ಐನೂರು ಜನರ ಜೊತೆ ಸ್ಟೇಜಿನ ಮೇಲೆ ನಿಂತ ಫೋಟೋ ಆಲ್ಬಂ ತರಬೇಡಿ. ಒಂದೇ ವಿಳಾಸಕ್ಕೆ ಬಂದ ಇಬ್ಬರ ಕಾಗದ, ಒಬ್ಬರ ಆರೋಗ್ಯ ವಿಮೆಯಲ್ಲಿ ಇನ್ನೊಬ್ಬರ ಹೆಸರು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಮನೆ ಸಾಮಾನಿನ ಖರ್ಚು, ಇವು ಅದಕ್ಕಿಂತ ಜಾಸ್ತಿ ಮಾತಾಡುತ್ತವೆ.

"ನನಗೆ ಮೊದಲ ಮದುವೆಯ ಮಗ ಇದ್ದಾನೆ, ಹದಿನೇಳು ತುಂಬಿದೆ." ಈ ಸಭೆಯಲ್ಲಿ ಗಡಿಬಿಡಿ ಮಾಡಬೇಕಾದವರು ಯಾರಾದರೂ ಇದ್ದರೆ ಅದು ನೀವೇ. ಮಲಮಗ ಎಂದು ಕಾನೂನು ಒಪ್ಪಬೇಕಾದರೆ ಅವನಿಗೆ 18 ತುಂಬುವ ಮೊದಲು ನಿಮ್ಮ ಮದುವೆ ಆಗಿರಬೇಕು. ನಿಮ್ಮ ಅರ್ಜಿಯಲ್ಲಿ ಅವನು ತಾನಾಗಿ ಸೇರುವುದಿಲ್ಲ, ಅವನಿಗೆ ಬೇರೆಯೇ ಐ-130 ಬೇಕು. ಅವನಿಗೆ 21 ಆಗುವ ಮೊದಲು ಅದು ಸೇರಿದರೆ, ಅವನು ಮದುವೆ ಆಗದೆ ಇದ್ದರೆ, ಆ ದಿನದ ವಯಸ್ಸೇ ನಿಲ್ಲುತ್ತದೆ. ಹಿಂದಿನ ವಿಚ್ಛೇದನದ ಡಿಕ್ರಿ ಕೈಗೆ ಬಂದಿದೆ ತಾನೇ? ಅದಕ್ಕೆ ಮೊದಲು ಆದ ಎರಡನೇ ಮದುವೆ ಮದುವೆಯೇ ಅಲ್ಲ, ಆಗ ಮಗನ ಲೆಕ್ಕವೂ ಬೀಳುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ, ಮೆಲ್ಲಗೆ ಬಂತು. "ನವೆಂಬರ್‌ನಲ್ಲಿ ಕೌಂಟಿಯಲ್ಲಿ ಮದುವೆ ಆದ್ವಿ, ಮನೆಯಲ್ಲಿ ಇನ್ನೂ ಹೇಳಿಲ್ಲ. ಆ ವರ್ಷದ ಟ್ಯಾಕ್ಸ್ ಸಿಂಗಲ್ ಅಂತಲೇ ಫೈಲ್ ಮಾಡಿದ್ದೀವಿ." ಇದನ್ನು ಕೇಳಿದ್ದು ಒಳ್ಳೇದಾಯಿತು, ಯಾಕೆಂದರೆ ಸಿಟಿಜನ್ ಸಂಗಾತಿ ಕೊಡುವ ಐ-864 ಆದಾಯದ ಪತ್ರಕ್ಕೆ ಟ್ಯಾಕ್ಸ್ ದಾಖಲೆ ಲಗತ್ತಾಗುತ್ತದೆ, ಅಧಿಕಾರಿ ಅದನ್ನು ಓದುತ್ತಾರೆ. ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನ ಲೆಕ್ಕದಲ್ಲಿ ಡಿಸೆಂಬರ್ 31ರಂದು ಮದುವೆ ಆಗಿದ್ದರೆ ಇಡೀ ವರ್ಷ ಮದುವೆ ಆದವರೇ. 1040-ಎಕ್ಸ್ ಎಂಬ ತಿದ್ದುಪಡಿ ಫಾರ್ಮ್ ಹಾಕಿ ಇಬ್ಬರೂ ತಿದ್ದಿಸಿ. ಎಷ್ಟೋ ಸಲ ದುಡ್ಡು ವಾಪಸ್ಸೇ ಬರುತ್ತದೆ. ತಿದ್ದಿದ ಪ್ರತಿ ಕೈಗೆ ಬಂದಮೇಲೆ ಐ-485 ಕಳಿಸಿ, ಎರಡು ವಾರ ತಡವಾದರೂ ಪರವಾಗಿಲ್ಲ. ಮನೆಯಲ್ಲಿ ಹೇಳುವುದಕ್ಕೆ ಯಾವ ಫಾರ್ಮೂ ಇಲ್ಲ. ಆದರೆ ಸಂದರ್ಶನದಲ್ಲಿ "ಅತ್ತೆ ಮಾವನನ್ನು ಭೇಟಿ ಆಗಿದ್ದೀರಾ?" ಎಂದು ಕೇಳುತ್ತಾರೆ, ಅಷ್ಟರೊಳಗೆ ಹೇಳಿದರೆ ಒಳ್ಳೇದು.